ಒಂಬತ್ತನೇ ಬಾಟಲಿ

"ಅಕ್ಕಾ, ಒಂಬತ್ತು ಗೆದ್ದುಬಿಡ್ತು! ಜೊತೆಗೆ ಯಾರೂ ಇಲ್ಲ, ಒಂಟಿಯಾಗೇ ಬದುಕಿದೆ!"

ಸಂಶೋಧಕಿ ಹುಡುಗಿ ಬಾಗಿಲು ನೂಕಿಕೊಂಡು ಬಂದು ಹೀಗೆ ಕೂಗಿದಾಗ ಅಕ್ಕನ ಕೈಯ ಸೂಜಿ ಬೇರೊಂದು ಸಾಲಿನ ಏಳನೇ ಬಾಟಲಿಯ ರಬ್ಬರ್ ಬಿರಡೆಯೊಳಗೆ ಅರ್ಧ ಇಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಬೆಚ್ಚಿ ಕೈ ಅಲುಗಿಸುತ್ತಿದ್ದರು. ಅಕ್ಕ ಅಲುಗಿಸಲಿಲ್ಲ. ಹದಿನೇಳು ವರ್ಷದಿಂದ ಇದೇ ತಣ್ಣನೆಯ ಕೋಣೆಯಲ್ಲಿ ಕಡಲಡಿಯ ಕೆಸರಿನ ಜೀವಿಗಳಿಗೆ ವಾರಕ್ಕೊಮ್ಮೆ ಮೇವು ಹಾಕುತ್ತ ಬಂದವಳು ಅವಳು. ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕೆಸರಕ್ಕ ಎನ್ನುತ್ತಿದ್ದರು, ಎದುರಿಗೆ ಮಾತ್ರ ಅಕ್ಕ. ಎರಡೂ ಹೆಸರು ತನಗೆ ಗೊತ್ತು ಎಂಬುದು ಅವರಿಗೆ ಗೊತ್ತಿಲ್ಲ ಎಂದು ಅವಳಿಗೆ ಒಳಗೊಳಗೇ ನಗು.

ಸೂಜಿಯನ್ನು ನಿಧಾನವಾಗಿ ಹೊರಗೆಳೆದು, "ಯಾವ ಒಂಬತ್ತು?" ಎಂದಳು.

"ಇನ್ಯಾವುದು? ನಮ್ಮ ಒಂಬತ್ತು! ಹನ್ನೆರಡರಲ್ಲಿ ಹನ್ನೊಂದು ಸತ್ತವು ಅಲ್ವಾ, ಅದೊಂದೇ ಬೆಳೀತಾ ಇದೆ. ನಿನ್ನೆ ಮತ್ತೆ ಎಣಿಸಿದೆ. ಸೋಮವಾರ ಲೇಖನ ಕಳಿಸೋದೇ ಅಂದ್ರು ಪ್ರೊಫೆಸರ್." ಹುಡುಗಿ ಎರಡೂ ಕೈಯಿಂದ ಅಕ್ಕನ ಭುಜ ಹಿಡಿದು ಅಲ್ಲಾಡಿಸಿದಳು. "ನಿಮ್ಮ ಹೆಸರೂ ಹಾಕ್ತೀನಿ ಅಕ್ಕಾ. ಕೊನೇಲಿ, ಕೃತಜ್ಞತೆ ಅನ್ನೋ ಕಡೆ."

"ಒಳ್ಳೇದಾಯ್ತು ಬಿಡಮ್ಮ," ಎಂದಳು ಅಕ್ಕ. ಅಷ್ಟು ಹೇಳುವಷ್ಟರಲ್ಲೇ ಅವಳ ಕಣ್ಣು ಒಂಬತ್ತರ ಪಕ್ಕದ ಬಾಟಲಿಯ ಮೇಲೆ ಹೋಯಿತು. ಯಾಕೆಂದು ಹೊಳೆಯಲು ಇನ್ನೊಂದು ನಿಮಿಷ ಬೇಕಾಯಿತು.

ಈ ಹುಡುಗಿ ಐದು ವರ್ಷದಿಂದ ಹಿಂದೆ ಬಿದ್ದಿದ್ದ ವಿಷಯ ಅಕ್ಕನಿಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ಲ್ಯಾಬ್ ನೋಡಲು ಬಂದವರಿಗೆ ಹುಡುಗಿ ಹೇಳುತ್ತಿದ್ದದ್ದು ಅವಳಿಗೆ ಬಾಯಿಪಾಠ. ಜೀವ ಹುಟ್ಟಿದ ಮೇಲೆ ಸುಮಾರು ಇನ್ನೂರು ಕೋಟಿ ವರ್ಷ ಭೂಮಿಯ ಮೇಲೆ ಇದ್ದದ್ದು ಬರೀ ಒಂಟಿ ಕೋಶಗಳು, ತೀರ ಚಿಕ್ಕವು, ತೀರ ಸರಳ. ಆಮೇಲೆ ಎಲ್ಲೋ ಒಂದು ಕೋಶ ಇನ್ನೊಂದನ್ನು ಒಳಗೆ ಸೇರಿಸಿಕೊಂಡಿತು. ಅರಗಿಸಿಕೊಳ್ಳಲಿಲ್ಲ. ಒಳಗೆ ಹೋದದ್ದು ಸಾಯಲೂ ಇಲ್ಲ, ಹೊರಗೆ ಬರಲೂ ಇಲ್ಲ. ಅಲ್ಲೇ ಕೂತು ದುಡಿದು ಹಾಕತೊಡಗಿತು. ಮರ, ಅಣಬೆ, ಮೀನು, ಮನುಷ್ಯ, ಎಲ್ಲ ಆ ಒಂದು ಸಂಸಾರದ ಮಕ್ಕಳು. ಕೇಳಿದವರು ಆಹಾ ಎನ್ನುತ್ತಿದ್ದರು. ಅಕ್ಕನಿಗೆ ಮಾತ್ರ ಪ್ರತಿ ಸಲವೂ ತಲೆಬುಡ ತಿಳಿಯುತ್ತಿರಲಿಲ್ಲ. ನುಂಗಿದ ಮೇಲೆ ಯಾಕೆ ಅರಗಿಸಿಕೊಳ್ಳಲಿಲ್ಲ? ಮರೆತುಹೋಯಿತೇ? ಒಳಗೆ ಹೋದದ್ದು ಸಿಕ್ಕಿಬಿದ್ದು ಹೋಯಿತೋ, ಜಾಗ ಹುಡುಕಿಕೊಂಡು ತಾನಾಗಿ ಹೋಯಿತೋ?

ಕೆಸರಿನಿಂದ ತೆಗೆದ ಈ ಜೀವಿ ಆ ನುಂಗಿದ ಕೋಶದ ದೂರದ ನೆಂಟ. ಅದರ ಪಕ್ಕದಲ್ಲಿ ಯಾವಾಗಲೂ ಇನ್ನೊಂದು ಜಾತಿಯ ಜೀವಿ ಇರುತ್ತದೆ. ಇದು ಬಿಟ್ಟದ್ದನ್ನು ಅದು ತಿನ್ನುತ್ತದೆ. ಜೊತೆಗಾರ ಇಲ್ಲದೆ ಇದು ಬದುಕದು ಎಂದು ಎಲ್ಲರ ನಂಬಿಕೆ. ಬದುಕುತ್ತದೆ ಎಂದು ಈ ಹುಡುಗಿಯ ಹಟ. ಹನ್ನೆರಡು ಬಾಟಲಿಗಳಿಗೆ ಔಷಧಿ ಹಾಕಿ ಜೊತೆಗಾರರನ್ನೆಲ್ಲ ಕೊಂದಳು. ಔಷಧಿ ಹಾಕದೆ, ಎರಡನ್ನೂ ಇದ್ದ ಹಾಗೇ ಉಳಿಸಿದ್ದು ಒಂದೇ ಬಾಟಲಿಯಲ್ಲಿ. ಎಲ್ಲಕ್ಕೂ ಮೂಲವಾದ ಹಳೆಯ ಬಾಟಲಿ ಅದು. ಅದನ್ನು ತಾಯಿ ಬಾಟಲಿ ಎನ್ನುತ್ತಿದ್ದರು.

ತಾಯಿ ಬಾಟಲಿ ಅಂದಕೂಡಲೆ ಅಕ್ಕನಿಗೆ ಆ ದಿನ ನೆನಪಾಯಿತು.

ಕಳೆದ ವರ್ಷದ ಒಂದು ಗುರುವಾರ. ಈ ಜೀವಿಗಳಿಗೆ ಗಾಳಿ ತಾಗಿದರೆ ಮುಗಿಯಿತು. ಅದಕ್ಕೇ ಒಂದೊಂದು ಬಾಟಲಿಗೂ ಬೇರೆ ಸಿರಿಂಜು. ಒಂದೊಂದು ಸಿರಿಂಜನ್ನೂ ಸಿಲಿಂಡರಿನ ಸಾರಜನಕದಲ್ಲಿ ಮೂರು ಸಲ ತೊಳೆದು, ಗಾಳಿಯೆಲ್ಲ ಹೊರಗೆ ಹಾಕಿ, ಆಮೇಲೆ ಚುಚ್ಚಬೇಕು. ಹಳೆಯ ನೀರು ಸ್ವಲ್ಪ ಎಳೆಯಬೇಕು, ಹೊಸ ಮೇವು ಅಷ್ಟೇ ಬಿಡಬೇಕು. ಅವತ್ತು ಹನ್ನೊಂದು ಬಾಟಲಿ ಆಗುವ ಹೊತ್ತಿಗೆ ಸಿಲಿಂಡರಿನ ಮುಳ್ಳು ಸೊನ್ನೆಗೆ ಬಂತು. ಹೊಸದು ಬರುವುದು ಮರುದಿನ. ಉಳಿದದ್ದು ಎರಡು, ತಾಯಿ ಮತ್ತು ಅದರ ಪಕ್ಕದ ಒಂಬತ್ತು. ತೊಳೆದ ಸಿರಿಂಜು ಒಂದೇ. ಒಂದು ವಾರ ಉಪವಾಸ ಕೆಡವಲು ಅವಳಿಗೆ ಮನಸ್ಸು ಬರಲಿಲ್ಲ. ಅದೊಂದರಲ್ಲೇ ಎರಡಕ್ಕೂ ಹಾಕಿದಳು. ಪುಸ್ತಕದಲ್ಲಿ ಎಂದಿನಂತೆ ಹದಿಮೂರು ಗುರುತು ಹಾಕಿ ಮನೆಗೆ ಹೋದಳು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈಗ ಪ್ರಶ್ನೆ ಒಂದೇ. ಮೊದಲು ಚುಚ್ಚಿದ್ದು ಯಾವುದಕ್ಕೆ? ಮೊದಲು ಒಂಬತ್ತಕ್ಕೆ, ಆಮೇಲೆ ತಾಯಿಗೆ ಆಗಿದ್ದರೆ ಏನೂ ಕೆಟ್ಟಿಲ್ಲ. ಮೊದಲು ತಾಯಿಗೆ ಆಗಿದ್ದರೆ, ಸೂಜಿಯ ತುದಿಯಲ್ಲಿ ಜೊತೆಗಾರ ಒಂಬತ್ತರೊಳಗೆ ಹೋಗಿದ್ದಾನೆ. ಅಕ್ಕ ಕಪಾಟಿನ ಮುಂದೆ ನಿಂತು ಗಾಳಿಯಲ್ಲಿ ಕೈಯಾಡಿಸಿ ನೋಡಿದಳು. ಎಡಕ್ಕೆ, ಬಲಕ್ಕೆ. ಎರಡೂ ಸರಿ ಅನ್ನಿಸಿತು.

"ಏನಕ್ಕಾ, ಡ್ಯಾನ್ಸ್ ಮಾಡ್ತಿದ್ದೀರಾ?" ಎಂದು ಹುಡುಗಿ ನಕ್ಕಳು.

"ಅದೂ... ಪರೀಕ್ಷೆಯಲ್ಲಿ ಇನ್ನೊಂದು ಜಾತೀದು ಏನೂ ಕಾಣಿಸಲಿಲ್ವಾ?"

"ಒಂಚೂರು ಕಾಣುತ್ತೆ, ನೂರಕ್ಕೆ ಒಂದೋ ಎರಡೋ. ಅದು ಸತ್ತವುಗಳ ಚೂರು ಅಕ್ಕಾ. ಔಷಧಿ ಹಾಕಿದಾಗ ಸತ್ತವು."

ಅಕ್ಕ ತಲೆಯಾಡಿಸಿದಳು.

ಮನೆಯಲ್ಲಿ ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ಅತ್ತಿಗೆ ಅಂದರೆ ಅಕ್ಕನ ಗಂಡನ ಅಕ್ಕ. ಎಂಟು ವರ್ಷದ ಹಿಂದೆ ತಮ್ಮ ತೀರಿಕೊಂಡಾಗ ಎರಡು ವಾರ ಇದ್ದು ಹೋಗುತ್ತೇನೆಂದು ಬಂದವಳು. ತಿಂಗಳಾದ ಮೇಲೆ ಹೊಲಿಗೆ ಯಂತ್ರ ಬಂತು. ಇರು ಎಂದು ಅಕ್ಕ ಹೇಳಲಿಲ್ಲ, ಹೋಗುತ್ತೇನೆ ಎಂದು ಅತ್ತಿಗೆಯೂ ಹೇಳಲಿಲ್ಲ. ಇಬ್ಬರೂ ದಿನಕ್ಕೊಂದು ಸಲ ಜಗಳವಾಡುತ್ತಿದ್ದರು, ಹೆಚ್ಚಾಗಿ ಕಿಟಕಿಯ ವಿಷಯಕ್ಕೆ. ಒಬ್ಬಳಿಗೆ ಸೆಕೆ, ಒಬ್ಬಳಿಗೆ ಚಳಿ.

"ಅತ್ತಿಗೆ, ಎರಡು ಬಟ್ಟೆ ಒಟ್ಟಿಗೆ ಬಂದರೆ ಮೊದಲು ಯಾವುದನ್ನ ಹೊಲೀತೀರಿ?"

"ಯಾರು ಜಾಸ್ತಿ ಬಾಯಿ ಮಾಡ್ತಾರೋ ಅವರದು," ಎಂದಳು ಅತ್ತಿಗೆ, ತಲೆಯೆತ್ತದೆ. "ಯಾಕೆ? ಮುಖ ಯಾಕೆ ಹಾಗಿದೆ?"

ಅಕ್ಕ ಹೇಳಿದಳು. ಒಮ್ಮೆ ಹೇಳಿದಾಗ ಅತ್ತಿಗೆಗೆ ಅರ್ಥವಾಗಲಿಲ್ಲ, ಎರಡನೇ ಸಲ ಹೇಳುವಾಗ ಅಕ್ಕನಿಗೇ ಗೊಂದಲವಾಯಿತು. ಕೊನೆಗೆ ಎರಡು ಲೋಟ, ಒಂದು ಚಮಚ ಇಟ್ಟು ತೋರಿಸಿದಳು.

"ಹೇಳಿದ್ರೆ ಏನಾಗುತ್ತೆ?" ಅತ್ತಿಗೆ ಕೇಳಿದಳು.

"ಆ ಹುಡುಗಿಯ ಐದು ವರ್ಷ ಮಣ್ಣುಪಾಲು."

"ಹೇಳದಿದ್ರೆ?"

"ಏನೂ ಆಗಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಬೇರೆ ಕಡೆಯವರು ಹಾಗೇ ಮಾಡಿ ನೋಡ್ತಾರೆ. ಅವರ ಬಾಟಲಿಗಳು ಸಾಯ್ತವೆ. ಇವಳನ್ನ ಸುಳ್ಳಿ ಅಂತಾರೆ."

"ಹಾಗಾದ್ರೆ ಏನೂ ಆಗಲ್ಲ ಅಂತ ಯಾಕಂದೆ?"

"ಮೊದಲು ಯಾವುದು ಅಂತಲೇ ನನಗೆ ನೆನಪಿಲ್ಲವಲ್ಲ ಅತ್ತಿಗೆ. ಸುಮ್ಮನೆ ಹೋಗಿ ಅವಳ ಹೊಟ್ಟೆ ಉರಿಸೋದಾ?" ಎಂದು ಅಕ್ಕ ಅಡುಗೆಮನೆಗೆ ಎದ್ದಳು. ಒಲೆ ಹಚ್ಚಿದಳು, ಆರಿಸಿದಳು, ಮತ್ತೆ ಹಚ್ಚಿದಳು. ಊಟಕ್ಕೆ ತಟ್ಟೆ ಇಟ್ಟು ಬಡಿಸಿದಳು.

ಅತ್ತಿಗೆ ತಟ್ಟೆಯನ್ನೇ ನೋಡುತ್ತ ಕೂತಿದ್ದಳು. "ನೋಡು," ಎಂದಳು ಕೊನೆಗೆ.

"ಏನು? ಉಪ್ಪಿಲ್ವಾ?"

"ಉಪ್ಪಲ್ಲ ಕಣೇ. ಎಂಟು ವರ್ಷದಿಂದ ಮೊದಲು ನನ್ನ ತಟ್ಟೆಗೆ ಹಾಕ್ತೀಯ, ಆಮೇಲೆ ನಿನಗೆ. ನೀನು ಬಂದು ಕೂರೋ ಹೊತ್ತಿಗೆ ನನ್ನದು ತಣ್ಣಗಾಗಿರುತ್ತೆ. ಬೇಡ ಅಂದ್ರೂ ಕೇಳಲ್ಲ. ಮುಂಚೇನೂ ಅಷ್ಟೇ, ಮೊದಲು ನಮ್ಮಮ್ಮನಿಗೆ, ಆಮೇಲೆ ನನಗೆ, ಆಮೇಲೆ ನಿನ್ನ ಗಂಡನಿಗೆ. ದೊಡ್ಡವರನ್ನ ಬಿಟ್ಟು ಚಿಕ್ಕವರಿಗೆ ನೀನು ಬಡಿಸಿದ್ದನ್ನ ನಾನು ಕಂಡೇ ಇಲ್ಲ. ಆ ಬಾಟಲಿಗಳಲ್ಲಿ ದೊಡ್ಡದು ಯಾವುದು?"

"ತಾಯಿ," ಎಂದಳು ಅಕ್ಕ. ತಲೆಗೆ ನೆನಪಿಲ್ಲದ್ದು ಕೈಗೆ ನೆನಪಿತ್ತು ಎಂದೇ ಅನ್ನಿಸಿತು. ಅಥವಾ ಅತ್ತಿಗೆ ಹೇಳಿದ್ದಕ್ಕೆ ಹಾಗನ್ನಿಸಿತೋ? ಅದೂ ತಿಳಿಯಲಿಲ್ಲ. ಅತ್ತಿಗೆಯ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಇನ್ನೂ ಹೆಚ್ಚು. ಮನೆಯಲ್ಲಿ ಬಡಿಸುವ ಚಾಳಿಯನ್ನು ಲ್ಯಾಬಿಗೆ ಒಯ್ಯಬಾರದೆಂದು ಯಾವ ನಿಯಮಪುಸ್ತಕದಲ್ಲೂ ಬರೆದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹುಡುಗಿ ಕಂಪ್ಯೂಟರಿನಲ್ಲಿ ಲೇಖನದ ಮೊದಲ ಸಾಲು ತಿದ್ದುತ್ತಿದ್ದಳು. ಅಕ್ಕ ಅವಳ ಹಿಂದೆ ನಿಂತು, ಕೋಟಿನ ಗುಂಡಿ ತಿರುವುತ್ತ, ಎಲ್ಲ ಹೇಳಿದಳು. ಸಿಲಿಂಡರ್, ಸಿರಿಂಜು, ಹದಿಮೂರು ಗುರುತು. ತಟ್ಟೆಯ ಮಾತನ್ನೂ ಹೇಳಿದಳು. ಅದನ್ನು ಹೇಳುವಾಗ ತನ್ನ ಕಿವಿಗೇ ಹುಚ್ಚು ಮಾತಿನಂತೆ ಕೇಳಿಸಿತು.

ಹುಡುಗಿ ತಿರುಗಲಿಲ್ಲ. "ನಿಮಗೆ ಖಚಿತವಾ?" ಎಂದಳು.

"ಇಲ್ಲ."

"ಖಚಿತ ಇಲ್ಲದ್ದನ್ನ ಯಾಕೆ ಹೇಳಿದ್ರಿ? ಇವತ್ತು ಯಾಕೆ ಹೇಳಿದ್ರಿ? ಹೋದ ವರ್ಷ ಯಾಕೆ ಹೇಳಲಿಲ್ಲ?" ಅವಳ ದನಿ ಏರುತ್ತ ಹೋಗಿ ಒಡೆಯಿತು. "ನಿಮ್ಮನ್ನ ನಾನು... ಹೋಗಿ ಅಕ್ಕಾ. ದಯವಿಟ್ಟು ಆಚೆ ಹೋಗಿ."

ಅಕ್ಕ ಹೋದಳು. ತೊಳೆಯುವ ಕೋಣೆಯಲ್ಲಿ ನಿಂತು, ಆಗಲೇ ತೊಳೆದಿಟ್ಟ ಬಾಟಲಿಗಳನ್ನೇ ಮತ್ತೆ ತೊಳೆದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಒದ್ದೆ.

ಶನಿವಾರ ರಜೆ. ಆದರೂ ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. "ಬರ್ತೀರಾ?" ಎಂದಷ್ಟೇ ಕೇಳಿದಳು ಹುಡುಗಿ.

ಸೂಕ್ಷ್ಮದರ್ಶಕದ ಕೋಣೆಯಲ್ಲಿ ಪರದೆ ಎಳೆದಿತ್ತು. ಹುಡುಗಿ ನಿನ್ನೆಯ ಬಟ್ಟೆಯಲ್ಲೇ ಇದ್ದಳು. ಒಂಬತ್ತರಿಂದ ಸ್ವಲ್ಪ ತೆಗೆದು ಎರಡು ಬಣ್ಣ ಹಾಕಿದ್ದಳಂತೆ. ತಮ್ಮ ಜೀವಿ ಹಸಿರಾಗಿ ಹೊಳೆಯುತ್ತದೆ, ಜೊತೆಗಾರ ಇದ್ದರೆ ಕೆಂಪಾಗಿ. "ಇಷ್ಟು ದಿನ ಕೆಂಪು ಹಾಕೇ ಇರಲಿಲ್ಲ ಅಕ್ಕಾ. ಇಲ್ಲದ್ದಕ್ಕೆ ಯಾಕೆ ಬಣ್ಣ ಅಂತ." ಅವಳು ಎದ್ದು ಸ್ಟೂಲು ಬಿಟ್ಟುಕೊಟ್ಟಳು.

ಅಕ್ಕ ಹದಿನೇಳು ವರ್ಷ ಮೇವು ಹಾಕಿದ್ದಳೇ ಹೊರತು ಒಮ್ಮೆಯೂ ಅವುಗಳ ಮುಖ ನೋಡಿರಲಿಲ್ಲ. ಮೊದಲು ಕಂಡದ್ದು ತನ್ನದೇ ರೆಪ್ಪೆಯ ಕೂದಲು. ಆಮೇಲೆ ಕತ್ತಲು. ಆಮೇಲೆ ಕತ್ತಲಲ್ಲಿ ಹಸಿರು ಚುಕ್ಕೆಗಳ ಗುಂಪು. ಗುಂಪಿನ ಮಗ್ಗುಲಿಗೆ ಅಂಟಿಕೊಂಡು ಒಂದು ಕೆಂಪು ಚುಕ್ಕೆ. ಹುಡುಗಿ ಗಾಜನ್ನು ಸರಿಸಿದಳು. ಇನ್ನೊಂದು ಹಸಿರು ಗುಂಪು, ಅಲ್ಲೂ ಒಂದು ಕೆಂಪು. ಸರಿಸಿದಳು. ಅಲ್ಲೂ.

"ಕೆಂಪು ಇಲ್ಲದ ಕಡೆ?" ಅಕ್ಕ ಕೇಳಿದಳು.

"ಕೆಂಪು ಇಲ್ಲದ ಕಡೆ ಹಸಿರೂ ಇಲ್ಲ. ಬೆಳಗಿನ ಜಾವದಿಂದ ಹುಡುಕ್ತಿದ್ದೀನಿ."

"ಅಂದ್ರೆ ನಾನು..."

"ಹ್ಞೂಂ. ನೀವು." ಹುಡುಗಿ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಅತ್ತೂ ಅತ್ತೂ ಅವಳ ಮೂಗು ಊದಿತ್ತು. "ನಾನು ಬರೆದದ್ದೆಲ್ಲ ತಪ್ಪು. ಪ್ರೊಫೆಸರ್‌ಗೆ ಹೇಳಿದೆ, ಸೋಮವಾರ ಏನೂ ಕಳಿಸ್ತಿಲ್ಲ. ಮತ್ತೆ ಮೊದಲಿಂದ. ನಿಮ್ಮ ಮೇಲೆ ಕೋಪ ಮಾಡ್ಕೊಳ್ಳಲಾ, ನಿಮ್ಮ ಕಾಲಿಗೆ ಬೀಳಲಾ, ಒಂದೂ ಗೊತ್ತಾಗ್ತಿಲ್ಲ ಅಕ್ಕಾ."

ಅಕ್ಕನಿಗೂ ಗೊತ್ತಾಗಲಿಲ್ಲ. ಮತ್ತೊಮ್ಮೆ ಕಣ್ಣಿಟ್ಟಳು. "ಈ ಕೆಂಪನ್ನ ಹಸಿರು ಹಿಡ್ಕೊಂಡಿದೆಯಾ, ಕೆಂಪೇ ಹೋಗಿ ಅಂಟ್ಕೊಂಡಿದೆಯಾ?"

"ಗೊತ್ತಿಲ್ಲ."

ಆಮೇಲೆ ಅಕ್ಕ ಎದ್ದು ತಣ್ಣನೆಯ ಕೋಣೆಗೆ ಹೋದಳು. ಒಂಬತ್ತರಿಂದ ತೆಗೆದಷ್ಟನ್ನು ತುಂಬಿಸಬೇಕಿತ್ತು, ರಜೆಯಾದರೂ. ಹೊಸ ಸಿರಿಂಜು ತೆಗೆದು ಸಾರಜನಕದಲ್ಲಿ ಒಂದು ಸಲ ತೊಳೆದಳು, ಎರಡು ಸಲ, ಮೂರು ಸಲ. ಮೇವು ಎಳೆದುಕೊಂಡು, ಬಾಟಲಿಯ ಮುಂದೆ ನಿಂತು, ಯಾಕೋ ಕೈ ತಡೆದಳು.

"ಎಷ್ಟು ಹಾಕಲಮ್ಮ?" ಎಂದು ಕೂಗಿದಳು. "ಒಬ್ಬರಿಗಾ, ಇಬ್ಬರಿಗಾ?"

ಹುಡುಗಿ ಬಾಗಿಲಿಗೆ ಬಂದು ನಿಂತಳು. ಬಾಟಲಿಯನ್ನು ನೋಡಿದಳು, ಸಿರಿಂಜನ್ನು ನೋಡಿದಳು.

"ಯಾವಾಗಲೂ ಹಾಕೋಷ್ಟೇ ಹಾಕಿ," ಎಂದಳು.

ಸೂಜಿ ರಬ್ಬರಿನೊಳಗೆ ಇಳಿಯಿತು. ಒಂದು ಸಣ್ಣ ಗುಳ್ಳೆ ತಳದಿಂದ ಎದ್ದು, ಗಾಜಿನ ಗೋಡೆಗೆ ತಾಗಿಕೊಂಡು, ನಿಧಾನವಾಗಿ ಮೇಲಕ್ಕೆ ಬಂತು.