ಹೂವಿನಲ್ಲೇ ಮಾರಿದ ಮೀನು

ಯಲ್ದೂರಿನ ಕೋದಂಡರಾಮಪ್ಪನಿಗೆ ಕಾಯುವುದೆಂದರೆ ಆಗದು. ಮಾವು ಹೂ ಬಿಟ್ಟ ಕೂಡಲೇ ಇಡೀ ತೋಟದ ಫಸಲನ್ನು ವ್ಯಾಪಾರಿಗೆ ಮಾರಿ ನಿಶ್ಚಿಂತೆಯಾಗಿರುವುದು ಶ್ರೀನಿವಾಸಪುರದ ಕಡೆ ಹಳೇ ವಾಡಿಕೆ. ಆಮೇಲೆ ಕಾವಲೆಲ್ಲ ವ್ಯಾಪಾರಿಯದೇ. ಈ ಸಲ ತೋಟದ ಮೂಲೆಯಲ್ಲಿ ಹೊಂಡ ತೋಡಿಸಿ, ನೀರು ತುಂಬಿಸಿ, ಮೀನು ಸಾಕುವ ಲೈಸೆನ್ಸಿಗೆ ಅರ್ಜಿ ಹಾಕಿದವನು, ಅದೇ ಉಮೇದಿನಲ್ಲಿ ಮೀನನ್ನೂ ನಂಗಲಿಯ ವ್ಯಾಪಾರಿ ಕದಿರೇಶನಿಗೆ ಮಾರಿಬಿಟ್ಟ.

ಮೀನುಗಾರಿಕೆ ಸಾಹೇಬರು ಹೊಂಡ ನೋಡಲು ಬಂದರೆ, ದಡದ ಮೇಲೊಂದು ಗರಿ ಗುಡಿಸಲು. ಅದರ ಮುಂದೆ ದೊಣ್ಣೆ ಹಿಡಿದು ನಿಂತ ಕದಿರೇಶನ ಕಾವಲುಗಾರ ಆಂಜಿ.

"ಯಾರನ್ನೂ ಬಿಡಲ್ಲ. ಮಾರಿದ್ಮೇಲೆ ಯಜಮಾನ್ರೂ ಮುಟ್ಟಂಗಿಲ್ಲ!"

"ಲೇ ಆಂಜಿ, ಲೈಸೆನ್ಸ್ ಕೊಡೋ ಸಾಹೇಬ್ರು ಕಣೋ, ಸರಿ ಅತ್ಲಾಗೆ!" ಎಂದು ಕೋದಂಡರಾಮಪ್ಪ ಗದರಿದ.

ಸಾಹೇಬರು ಹುಬ್ಬು ಗಂಟಿಕ್ಕಿದರು. "ಲೈಸೆನ್ಸ್ ಇಲ್ದೆ ಮೀನು ಬಿಟ್ಟಿದ್ದೀರೇನ್ರೀ?"

"ಅಯ್ಯೋ, ಒಂದು ಮರೀನೂ ಬಿಟ್ಟಿಲ್ಲ ಸ್ವಾಮಿ! ಬರೀ ವ್ಯಾಪಾರ ಮುಗಿಸಿದ್ದೀನಿ."

ಸಾಹೇಬರು ನಂಬಲಿಲ್ಲ. ಬಲೆ ತರಿಸಿ ಹಾಕಿಸಿದರು. ಎಳೆದರೆ ಬಂದಿದ್ದು ಬರೀ ಪಾಚಿ.

"ಕೂಸು ಹುಟ್ಟೋ ಮುಂಚೆ ಕುಲಾವಿ ಅಂದ್ರೆ ಇದೇ ಕಣ್ರೀ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕು, ಅಲ್ಲೇ ಒಪ್ಪಿಗೆಯ ರುಜು ಹಾಕಿದರು. ಕೋದಂಡರಾಮಪ್ಪನಿಗೆ ಹೋದ ಜೀವ ಬಂದಂತಾಯಿತು.

ಹೊರಡುವಾಗ ಸಾಹೇಬರು ಆಂಜಿಯ ಬೆನ್ನು ತಟ್ಟಿ, "ಕಾವಲು ಹೆಂಗೆ ನಡೀತಿದೆಯಪ್ಪಾ?" ಎಂದರು.

ಆಂಜಿ ಎದೆಯುಬ್ಬಿಸಿ ನಿಂತ. "ನಾನು ಬಂದ್ಮೇಲೆ ಒಂದು ಮೀನೂ ಕಳವಾಗಿಲ್ಲ ಸ್ವಾಮಿ!"