ಮೊದಲು ಮದ್ದು

ಪ್ರಾರ್ಥನೆ ಮುಗಿಯುವವರೆಗೆ ಯಾರಿಗೂ ಔಷಧಿಯ ಚೀಟಿ ಕೊಡಬಾರದು ಎಂಬುದು ಮಿಷನ್ ಆಸ್ಪತ್ರೆಯ ಹೊಸ ನಿಯಮ. ರೋಗಿಗಳು ಕೆಮ್ಮುತ್ತ, ನರಳುತ್ತ ಬೆಂಚುಗಳ ಮೇಲೆ ಪಾದ್ರಿಗಳ ದಾರಿ ಕಾಯುತ್ತಿದ್ದರು. ಹಿರಿಯ ನರ್ಸ್ ಮಾತ್ರ ನಿಂತಲ್ಲಿ ನಿಲ್ಲಲಾರದೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಅಲೆಯುತ್ತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಬಡಗಿಯೊಬ್ಬ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ಎಷ್ಟು ಕರೆದರೂ ಒಳಗೆ ಬಂದಿರಲಿಲ್ಲ.

ಕೊನೆಗೆ ಅವಳೇ ಹೊರಬಂದಳು. ಮಗುವಿನ ಕಣ್ಣು ಗುಳಿಬಿದ್ದಿತ್ತು, ತುಟಿ ಒಣಗಿ ಬಿರಿದಿತ್ತು, ಅತ್ತರೂ ಕಣ್ಣೀರು ಬರುತ್ತಿರಲಿಲ್ಲ.

“ಯಾವಾಗಿಂದ ಭೇದಿ?”

“ನಿನ್ನೆಯಿಂದ, ಅಕ್ಕ. ನೀರೂ ದಕ್ತಿಲ್ಲ.”

“ಮತ್ತೆ ಒಳಗೆ ಬರೋಕೇನು ಕಷ್ಟ?”

“ನಮ್ಮಣ್ಣ ಜ್ವರ ಅಂತ ಇಲ್ಲಿಗೆ ಬಂದ. ಜ್ವರ ಬಿಡ್ತು, ನಿಮ್ಮ ಮತ ಸೇರಿ ಅವನು ಮನೆ ಬಿಟ್ಟ. ಈಗ ಅಮ್ಮನ ಕೈಯಡುಗೆ ಮುಟ್ಟಲ್ಲ. ಔಷಧಿ ಕೊಡಿ, ಕೈಮುಗಿದು ತಗೋತೀನಿ. ನಮ್ಮನ್ನ ನಮ್ಮ ಪಾಡಿಗೆ ಬಿಟ್ಬಿಡಿ.”

ಅನಾಥೆಯಾಗಿದ್ದ ನರ್ಸಿಗೆ ಅನ್ನ, ಅಕ್ಷರ, ಕೆಲಸ ಕೊಟ್ಟದ್ದು ಇದೇ ಮಿಷನ್. ಉಂಡ ಮನೆಗೆ ಎರಡು ಬಗೆಯುವುದು ಹೇಗೆ? ಆದರೂ ಒಳಗೆ ಹೋಗಿ ಸಲೈನ್ ಬಾಟಲಿ, ಸೂಜಿ ತಂದಳು. ಮಗುವಿನ ಕೈಯಲ್ಲಿ ನರ ಹುಡುಕುತ್ತಿರುವಾಗ ಪಾದ್ರಿಗಳು ಬಂದರು.

“ಇದೇನಮ್ಮ, ನಿಯಮ ಗೊತ್ತಿಲ್ವಾ?”

“ನನಗೆ ಗೊತ್ತು ಫಾದರ್. ಇದರ ರೋಗಕ್ಕೆ ಗೊತ್ತಿಲ್ಲ.”

“ಯಾರ್ಯಾರೋ ದೇವರ ಮೇಲಿನ ನಂಬಿಕೆಯಿಂದ ಹೊಟ್ಟೆ ಕಟ್ಟಿ ಹಣ ಕಳಿಸಿದ್ದಕ್ಕೆ ಈ ಆಸ್ಪತ್ರೆ ಎದ್ದಿದೆ. ಆ ದೇವರ ಎರಡು ಮಾತು ಕೇಳಿ ಅಂದ್ರೆ ತಪ್ಪಾ?”

“ಕೇಳೋರು ಕೇಳಲಿ. ಅದನ್ನೇ ಔಷಧಿ ಬೀರುಗೆ ಬೀಗ ಮಾಡೋದು ಬೇಡ. ನಾನು ಅಪ್ಪ ಅಮ್ಮನ್ನ ಕಳ್ಕೊಂಡು ಬಂದಾಗ ನೀವು ಏನೂ ಕೇಳದೆ ಹಾಲು ಕುಡಿಸಿದ್ರಿ. ಪ್ರಾರ್ಥನೆ ನಾನು ಕಲಿತಿದ್ದು ಆಮೇಲೆ.”

ಪಾದ್ರಿಗಳ ಮುಖ ಕೆಂಪಗಾಯಿತು. ಅವರು ಮಗುವಿನತ್ತ ಬಗ್ಗಿ ನೋಡಿದರು. ಸೂಜಿ ಚುಚ್ಚಿದ್ದಾಗಿತ್ತು, ಬಾಟಲಿ ತೂಗುಹಾಕಲು ಅಲ್ಲಿ ಮೊಳೆಯೂ ಇರಲಿಲ್ಲ. ಅವಳು ಒಂದು ಕೈಯಲ್ಲಿ ಬಾಟಲಿ ಎತ್ತಿ, ಹಲ್ಲಲ್ಲಿ ಅಂಟುಪಟ್ಟಿ ಹರಿಯಲು ಹೆಣಗುತ್ತಿದ್ದಳು. ಪಾದ್ರಿಗಳು ಬಾಟಲಿಯನ್ನು ತಮ್ಮ ಕೈಗೆ ತೆಗೆದುಕೊಂಡು ಮೇಲಕ್ಕೆತ್ತಿ ಹಿಡಿದರು.

ಗುಮಾಸ್ತ ಬಾಗಿಲಿಂದ ಇಣುಕಿದ. “ಫಾದರ್, ಎಲ್ಲರೂ ಕಾಯ್ತಿದಾರೆ.”

“ಚೀಟಿ ಕೊಡೋಕೆ ಶುರುಮಾಡಪ್ಪ. ಪ್ರಾರ್ಥನೆ ಆಮೇಲಾಯ್ತು, ಕೂರೋರಿಗೆ.”

ಅವರು ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ್ದನ್ನು ಬಡಗಿ ನೋಡಿದ. “ಕೊಡಿ ಅಯ್ಯಾ, ನಾನು ಹಿಡೀತೀನಿ.”

“ನೀನು ಮಗೂನ ಹಿಡ್ಕೊ.”

ಎಷ್ಟೋ ಹೊತ್ತಿನ ಮೇಲೆ ಮಗು ಮುಖ ಕಿವುಚಿ ಅತ್ತಿತು. ಕಣ್ಣಲ್ಲಿ ನೀರು ಬಂತು. ನರ್ಸ್ ಅದನ್ನು ಬೆರಳಿನಿಂದ ಒರೆಸಿ, ಬಡಗಿಯ ಪಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು.