ಕೆಳಹಲಗೆಗೆ ಬಂದದ್ದು

"ಎಷ್ಟ್ ಓದಿದ್ರೇನೇ, ಕೈ ಮೂಸಿದ್ರೆ ಸೋಪಿನ ವಾಸ್ನೇನೇ ಬರೋದು. ಹೋಗು, ಈ ಲೋಟ ಎಲ್ಲಾ ತೊಳ್ಕೊಂಡ್ ಬಾ. ನಿಮ್ ಮನೆ ಕಸುಬಲ್ವಾ."

ಬೂಷ್ಟಪ್ಪ ಹಾಗಂದಾಗ ಮೇಜಿನ ಸುತ್ತ ಕೂತಿದ್ದ ಗಂಡಸರು ನಕ್ಕರು. ನಾನು ತೊಳೆದ ತಟ್ಟೆಗಳ ಗಾಡಿ ಹಿಡಿದುಕೊಂಡು ಬಾಗಿಲಲ್ಲಿದ್ದೆ. ಹುಡುಗಿ ಲೋಟಗಳನ್ನು ಒಂದರೊಳಗೊಂದು ಪೇರಿಸಿಕೊಂಡು ನನ್ನ ಮುಂದೆಯೇ ಹಾದುಹೋದಳು. ಅವಳ ಕೋಟಿನ ಜೇಬಿನ ಮೇಲೆ ಡಾಕ್ಟರ್ ಅಂತ ಹೊಲಿದಿತ್ತು, ಅವಳೇ ನಮಗೆ ಓದಿ ಹೇಳಿದ್ದಳು. ಅದನ್ನು ಓದಲು ಬಾರದವಳು ಆ ಕೋಣೆಯಲ್ಲಿ ನಾನೊಬ್ಬಳೇ ಅಲ್ಲ ಅನ್ನಿಸಿತು.

ಬೂಷ್ಟಪ್ಪ ಅನ್ನುವುದು ನಾವಿಟ್ಟ ಹೆಸರು. ಆತ ಪ್ರಯೋಗಾಲಯದ ಮುಖ್ಯಸ್ಥ. ಗಾಜಿನ ತಟ್ಟೆಗಳಲ್ಲಿ ಬೂಷ್ಟು ಬೆಳೆಸುವುದು ಅವರ ವಿಜ್ಞಾನ, ಬೆಳೆಸಿ ಬಿಸಾಕಿದ್ದನ್ನು ತೊಳೆಯುವುದು ಕೆಳಗಿನ ಕೋಣೆಯ ನಮ್ಮ ವಿಜ್ಞಾನ. ನಮ್ಮಲ್ಲಿ ಎಲ್ಲರಿಗಿಂತ ಹಳಬಳು ಸೀಸಕ್ಕ. ಸೀಸೆ ಕಂಡರೆ ಉಜ್ಜದೆ ಬಿಡುವವಳಲ್ಲ, ಅದಕ್ಕೇ ಆ ಹೆಸರು. ಈ ಹುಡುಗಿ ಅವಳ ಮಗಳು. ಚಿಕ್ಕಂದಿನಲ್ಲಿ ನಮ್ಮ ಕಾಲುಗಳ ನಡುವೆ, ಸಿಂಕಿನ ಕೆಳಗೆ ಕೂತು ಪಾಠ ಓದುತ್ತಿದ್ದಳು. ಆಮೇಲೆ ಎಲ್ಲೆಲ್ಲೋ ಓದಿ ಸೀದಾ ಮೇಲಿನ ಮಹಡಿಗೆ ಕೆಲಸಕ್ಕೆ ಬಂದಳು. ಬಂದ ದಿನ ನಾವೆಲ್ಲ ಮೆಟ್ಟಿಲ ಬುಡದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದರೆ ಸೀಸಕ್ಕ, "ಏನ್ ನೋಡ್ತೀರೇ, ಅದೇ ಮೂಗು, ಅದೇ ಸಿಂಬ್ಳ" ಅಂದು, ಆ ಕಡೆ ತಿರುಗಿ ಅತ್ತಳು.

ನಮ್ಮ ಗಾಡಿಗೆ ಎರಡು ಹಲಗೆ. ತೊಳೆದದ್ದು ಮೇಲಿನ ಹಲಗೆಯಲ್ಲಿ ಹೋಗುತ್ತದೆ, ತೊಳೆಯಬೇಕಾದದ್ದು ಕೆಳಗಿನ ಹಲಗೆಯಲ್ಲಿ ಬರುತ್ತದೆ. ಯಾರದು, ಏನು ಅಂತ ನಾವು ಕೇಳುವ ಹಾಗಿಲ್ಲ. ಕಾಗದ ಸುತ್ತಿ ಬಂದದ್ದನ್ನು ಬಿಚ್ಚುವ ಹಾಗಿಲ್ಲ. ಸುತ್ತಿದ ಹಾಗೇ ಹಬೆಯ ಡ್ರಮ್ಮಿಗೆ ಹಾಕಿ ಬೂಷ್ಟನ್ನು ಸಾಯಿಸಬೇಕು, ಆಮೇಲೆ ಉಜ್ಜಬೇಕು. ಕೆಳಹಲಗೆಗೆ ಬಂದದ್ದು ಸತ್ತಂತೆ ಅನ್ನುವುದು ನಮ್ಮ ಕೋಣೆಯ ಗಾದೆ.

ಹುಡುಗಿ ಬೆಳೆಸುತ್ತಿದ್ದ ಬೂಷ್ಟು ಬೇರೆಯ ಜಾತಿಯದು. ಸಸಿಗಳ ಬೇರು ಕೊಳೆಸುವ ಬೂಷ್ಟನ್ನು ಅದು ಹತ್ತಿರ ಸೇರಿಸುವುದಿಲ್ಲವಂತೆ. ಒಂದು ಸಂಜೆ ಅಮ್ಮನನ್ನು ಕದ್ದು ಮೇಲಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದಳು. ತಟ್ಟೆಯ ನಡುವೆ ಹಸಿರು ಚುಕ್ಕಿ, ಅದರ ಸುತ್ತ ಬರಿದಾದ ಉಂಗುರ, ಉಂಗುರದಾಚೆಗೆ ಹೆದರಿ ನಿಂತ ಬಿಳಿ ನೂಲು. ನಿಮ್ಮಪ್ಪನ ಹಾಗೇ ಇದೆ, ಯಾರನ್ನೂ ಹತ್ತಿರ ಬಿಡಲ್ಲ ಅಂದಳಂತೆ ಸೀಸಕ್ಕ. ದೊಡ್ಡವರ ಸಮಿತಿ ಬಂದು ಆ ಉಂಗುರ ನೋಡಿ ಒಪ್ಪಿದರೆ ಹುಡುಗಿಯ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಅದನ್ನು ನನ್ನದೆಂದು ತೋರಿಸೋಣ, ನೀನು ನೆರವಿಗಿದ್ದವಳು ಅಂತ ಇರಲಿ ಅಂತ ಬೂಷ್ಟಪ್ಪ ಅವಳಿಗೆ ಅಂದಿದ್ದ. ಅವಳು ಒಪ್ಪಿರಲಿಲ್ಲ.

ಸಮಿತಿ ಬರುವ ಹಿಂದಿನ ದಿನ ಗಾಡಿ ತಳ್ಳಿಕೊಂಡು ಬಂದವನು ಬೂಷ್ಟಪ್ಪನೇ. ಆ ಹಿಡಿಯನ್ನು ಅವನು ಮುಟ್ಟಿದ್ದನ್ನು ನಾವು ಯಾವತ್ತೂ ಕಂಡಿರಲಿಲ್ಲ. ನಾಳೆ ದೊಡ್ಡವರು ಬರುತ್ತಾರೆ, ಬೇಗ ಮುಗಿಸಿ ಅಂದು ಹೋದ. ಕೆಳಹಲಗೆಯ ತುಂಬ ಕಾಗದ ಸುತ್ತಿದ ತಟ್ಟೆ. ಸಾಹೇಬರಿಗೆ ನಮ್ಮ ಮೇಲೆ ಏನಪ್ಪಾ ಇಷ್ಟು ಪ್ರೀತಿ ಉಕ್ಕಿದ್ದು ಅಂತ ನಾನಂದೆ. ಸೀಸಕ್ಕ ನಗುತ್ತಲೇ ಡ್ರಮ್ಮಿಗೆ ತುಂಬಿ ತಿರುಪು ಬಿಗಿದಳು. ಹಬೆ ಇಳಿದ ಮೇಲೆ ಒಂದೊಂದನ್ನೂ ಉಜ್ಜಿ, ಬೆಳಕಿಗೆ ಹಿಡಿದು ನೋಡಿದಳು.

ಹುಡುಗಿ ಮೆಟ್ಟಿಲಿಳಿದು ಓಡಿ ಬಂದಾಗ ಅವಳ ತಟ್ಟೆಗಳು ಒಣಗಲು ಬೋರಲು ಬಿದ್ದಿದ್ದವು. ಒಂದನ್ನೆತ್ತಿ ತಿರುಗಿಸಿದಳು. ಅಮ್ಮನ ಕೈಗಳನ್ನು ನೋಡಿದಳು, ಅಷ್ಟೆ. ಸೀಸಕ್ಕ ಎರಡೂ ಕೈಗಳನ್ನು ಏಪ್ರನ್ನಿನೊಳಗೆ ಬಚ್ಚಿಟ್ಟುಕೊಂಡಳು.

ಹಿಂದೆಯೇ ಬೂಷ್ಟಪ್ಪ ಬಂದ. ಗದರಲಿಲ್ಲ, ಹುಡುಗಿಯ ಜೊತೆ ಬೆಣ್ಣೆಯಂತೆ ಮಾತಾಡಿದ. ತೊಳೆಯುವವಳು ತಪ್ಪಿ ತೊಳೆದುಬಿಟ್ಟಳು ಅಂತ ಸಮಿತಿಯ ಮುಂದೆ ಹೇಳು, ಇವಳನ್ನು ಕೆಲಸದಿಂದ ತೆಗೆಯೋಣ, ಮತ್ತೆ ಬೆಳೆಸುವುದಕ್ಕೆ ನಿನಗೆ ಸಮಯ ಕೊಡಿಸುತ್ತೇನೆ, ಈ ಸಲ ನನ್ನ ಹೆಸರಲ್ಲಿ ಅಂದ.

ಅವನು ಹೋದದ್ದೇ ತಾಯಿಗೂ ಮಗಳಿಗೂ ಜಗಳ ಹತ್ತಿತು. ಹೇಳಿಬಿಡು ಅಂತ ತಾಯಿ, ಹೇಳಲ್ಲ ಅಂತ ಮಗಳು.

"ನಾನ್ ಇನ್ನೆಲ್ಲೋ ಪಾತ್ರೆ ಉಜ್ಕೊಂಡಿರ್ತೀನಿ. ನೀನು ಮೇಲಿರ್ಬೇಕು ಕಣೇ, ಮುಂಡೇದೇ. ನಿನ್ನ ಮೇಲೆ ಹತ್ಸೋಕೇ ನನ್ ಉಗುರೆಲ್ಲ ಉದುರ್ಹೋಗಿರೋದು."

"ನಿನ್ ಕೈಲಿ ನನ್ ಕೆಲ್ಸ ಕೊಲ್ಸ್ದ. ಈಗ ನನ್ ಬಾಯಲ್ಲಿ ನಿನ್ನ ಕೊಲ್ಸ್ತಾನೆ. ಆಗಲ್ಲಮ್ಮ."

ಮರುದಿನ ಸೀಸಕ್ಕನನ್ನು ಮೇಲಕ್ಕೆ ಕರೆಸಿದರು. ಕರೆಯದಿದ್ದರೂ ನಾವೂ ಹತ್ತಿ, ಬಾಗಿಲಲ್ಲಿ ನಿಂತೆವು. ಹುಡುಗಿ ನಡೆದದ್ದನ್ನು ನಡೆದ ಹಾಗೆ ಹೇಳಿ ಮುಗಿಸಿದ್ದಳು.

"ಓದಿಲ್ಲದ ಹೆಂಗ್ಸು ಸಾರ್," ಅಂದ ಬೂಷ್ಟಪ್ಪ. "ಯಾವ್ದು ಕಸ, ಯಾವ್ದು ಕೆಲ್ಸ ಗೊತ್ತಾಗಲ್ಲ. ಹೇಳೇ, ಗೊತ್ತಾಗ್ಲಿಲ್ಲ ಅನ್ನು."

ಅದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು ಸೀಸಕ್ಕ. ದಾರಿಯಲ್ಲಿ ನನಗೆ ಒಪ್ಪಿಸಿಯೂ ತೋರಿಸಿದ್ದಳು. ಬಾಯಿ ತೆರೆದಳು. ಮಗಳು ತಲೆ ತಗ್ಗಿಸಿದ್ದು ಕಣ್ಣಿಗೆ ಬಿತ್ತು. ಮಾತು ಹಾದಿ ಬದಲಿಸಿತು.

"ಗೊತ್ತಾಗ್ಲಿಲ್ಲ, ನಿಜ. ಕಾಗ್ದ ಸುತ್ತಿ ತಂದ್ರೆ ಹೆಂಗ್ ಗೊತ್ತಾಗ್ಬೇಕು? ಗಾಡಿ ಕೆಳಹಲ್ಗೇಲಿ ಇಟ್ಕೊಂಡು ತಳ್ಕೊಂಡ್ ಬಂದೋನು ಈ ಬೇವರ್ಸೀನೇ."

ಹಾದರಗಿತ್ತಿ, ಬಾಯಿ ಮುಚ್ಚು ಅಂತ ಬೂಷ್ಟಪ್ಪ ಎದ್ದ. ನಾವೂ ನೋಡಿದ್ದೇವೆ ಅಂತ ಬಾಗಿಲಿಂದಲೇ ಅಂದೆವು. ಸಮಿತಿಯ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ತಟ್ಟೆಯೇ ಇಲ್ಲದ ಮೇಲೆ ನಾವು ನೋಡುವುದೇನಿದೆ, ಇದೆಲ್ಲ ಕೆಲಸದವರ ಜಗಳ, ಆಮೇಲೆ ವಿಚಾರಿಸೋಣ ಅಂದರು. ಮುಂದಿನವರನ್ನು ಕರೆಯಲು ಹೇಳಿದರು.

ಸೀಸಕ್ಕ ಹೊರಗೆ ಬರಲಿಲ್ಲ. ಮೇಜಿನ ತುದಿಯಲ್ಲಿದ್ದ ಖಾಲಿ ಕುರ್ಚಿ ಎಳೆದು ಕೂತಳು. ಆ ಕುರ್ಚಿಗಳನ್ನು ನಾವು ಒರೆಸಿದ್ದುಂಟು, ಕೂತದ್ದಿಲ್ಲ.

"ಆಮೇಲೆ ಅಂದ್ರೆ ಯಾವಾಗ ಸಾರ್? ನಾನ್ ಇಲ್ಲೇ ಇರ್ತೀನಿ."

ಒದ್ದೆ ಏಪ್ರನ್ನಿನಿಂದ ನೆಲಹಾಸಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಬೂಷ್ಟಪ್ಪ ಕಾವಲಿನವರಿಗೆ ಫೋನು ಮಾಡಿದ. ಎಳೆದುಕೊಂಡು ಹೋಗ್ರೇ ಇವಳನ್ನ ಅಂತ ನಮಗೂ ಹೇಳಿದ. ನಾವು ಬಾಗಿಲಲ್ಲಿ ಇನ್ನಷ್ಟು ಒತ್ತಿಕೊಂಡು ನಿಂತೆವು. ನಮ್ಮ ಬೆನ್ನ ಹಿಂದೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಹುಡುಗಿ, ಅಮ್ಮನ ಪಕ್ಕ ಕೂತಿದ್ದವರಿಗೆ ಸ್ವಲ್ಪ ಸರಿಯಿರಿ ಅಂದು, ಇನ್ನೊಂದು ಕುರ್ಚಿ ಎಳೆದಳು.